ಕಂಪ್ಲಿಗೆ ಬಂದ ಜಪಾನಿ ಗಿಡದ ಕಾಯಿಲೆ ಕುರಿತು

ನೀಲಗಿರಿಯ ತಂಪಿನಲ್ಲಿ ಸುಖವಾಗಿರುವ ಪರದೇಶಿ ಸಸ್ಯಗಳ ಕಂಪನಿಯ ಮೇನೇಜರ್ ಸಾಹೇಬರ ಸನ್ನಿಧಾನಕ್ಕೆ, ಬಳ್ಳಾರಿ ಜಿಲ್ಲೆ ಕಂಪ್ಲಿಯ ಬಿಸಿಲಿನಲ್ಲಿ ಅಕ್ಕಿ ಗಿರಣಿ ನಡೆಸಿಕೊಂಡಿರುವ ಅಂದಾನಪ್ಪನು ಬೆವರು ಒರೆಸಿಕೊಂಡು ಮಾಡುವ ನಮಸ್ಕಾರಗಳು. ಈ ಪತ್ರವನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತಿರುವುದಕ್ಕೆ ಕ್ಷಮೆಯಿರಲಿ. ಅಂಚೆಯಲ್ಲಿ ಹಾಕಿದ ನನ್ನ ಪತ್ರಗಳಿಗೆಲ್ಲ ತಾವು ಒಂದೇ ಅಚ್ಚಿನ ಚೀಟಿಯನ್ನು ಕಳಿಸುತ್ತ ಬಂದಿರುವುದರಿಂದ, ತಮಗೆ ಅಚ್ಚಾದದ್ದೇ ಇಷ್ಟವೆಂದು ತಿಳಿದೆ.

ಮಾನ್ಯರೇ, ಕಳೆದ ಮಾಘದಲ್ಲಿ ತಮ್ಮ ಜಪಾನಿ ಮೇಪಲ್ ಸಸಿಯು ಹೊಸಪೇಟೆಯವರೆಗೆ ರೈಲಿನಲ್ಲಿಯೂ, ಅಲ್ಲಿಂದ ಮುಂದೆ ನಮ್ಮ ಗಾಡಿಯಲ್ಲಿಯೂ ದಯಮಾಡಿಸಿತು. ಮನೆಯ ಮುಂದಿನ ಎರೆಮಣ್ಣಿನಲ್ಲಿ, ಹೋಗಿಬರುವವರೆಲ್ಲ ನೋಡುವಂಥ, ಆದ್ದರಿಂದ ಸೂರ್ಯನೂ ದಿನವಿಡೀ ನೋಡುವಂಥ ಜಾಗದಲ್ಲಿ ಅದನ್ನು ನೆಡಿಸಿದೆ. ಎಲೆಗಳು ಕಾಲ ಬಂದಾಗ ಕೆಂಡದಂತೆ ಕೆಂಪಾಗುವುವೆಂದು ತಾವು ಬರೆದಿದ್ದಿರಿ. ಆ ಕಾಲವು ಚೈತ್ರದಲ್ಲಿಯೇ ಬಂದಿತು. ಎಲೆಯಂಚು ಕೆಂಪಗಾದದ್ದನ್ನು ಕಂಡು ಓಣಿಯವರನ್ನೆಲ್ಲ ಪಾನಕಕ್ಕೆ ಕರೆದೆ. ಗಿರಣಿಯ ಇಂಜಿನು ನೋಡಿಕೊಳ್ಳುವ ಪಾಲಪ್ಪ ಭಕ್ತಿಯಿಂದ ಒಂದು ಎಲೆಯನ್ನು ಮುಟ್ಟಿದ. ಅದು ಪುಡಿಯಾಗಿ ಅವನ ಅಂಗೈಯಲ್ಲಿ ಉಳಿಯಿತು. "ಸಾವ್ಕಾರ್ರ, ಇದು ಹಪ್ಪಳ ಆಗೈತ್ರಿ" ಎಂದ. ಬಂದವರು ಪಾನಕವನ್ನು ಪೂರ್ತಿ ಕುಡಿದೇ ಹೋದರು.

ಅಂದಿನಿಂದ ನಾನು ಗಿಡಕ್ಕೆ ವೈದ್ಯನಾದೆ. ಎಲೆಯಂಚು ಸುಟ್ಟರೆ ನೀರು ಸಾಲದೆಂದು ತಮ್ಮ ಚೀಟಿ ಹೇಳುತ್ತದೆ. ಎಲೆ ಜೋತುಬಿದ್ದರೆ ನೀರು ಹೆಚ್ಚಾಯಿತೆಂದೂ ಅದೇ ಚೀಟಿ ಹೇಳುತ್ತದೆ. ನಮ್ಮ ಗಿಡದ ಎಲೆಗಳು ಸುಟ್ಟುಕೊಂಡೇ ಜೋತುಬಿದ್ದಿದ್ದವು. ಇಂಥ ರೋಗಿಯನ್ನು ಒದಗಿಸಿದ ತಮ್ಮ ಉದಾರತೆಗೆ ತಲೆಬಾಗಿ, ಮೇಲೆ ತಟ್ಟಿಯ ಚಪ್ಪರ ಹಾಕಿಸಿ, ನೀರು ಹೆಚ್ಚಿಸಲು ತೀರ್ಮಾನಿಸಿದೆ.

ಇಲ್ಲಿ ನಮ್ಮ ಮನೆಯ ಸ್ಥಿತಿಯನ್ನು ತಮಗೆ ಅರಿಕೆ ಮಾಡಬೇಕು. ನನ್ನ ತಾಯಿ ಪಂಪಮ್ಮನವರಿಗೂ ನನ್ನ ಹೆಂಡತಿ ಕೊಟ್ರಬಸಮ್ಮಳಿಗೂ ಒಂದು ವರ್ಷದಿಂದ ಮಾತಿರಲಿಲ್ಲ. ಬುಕ್ಕಸಾಗರದ ತವರಿನಿಂದ ಹೆಂಡತಿ ತಂದಿದ್ದ ತಾಮ್ರದ ಹಂಡೆಯನ್ನು ತಾಯಿಯವರು ಒಂದು ಮಾತೂ ಕೇಳದೆ ನನ್ನ ತಂಗಿ ಸಂಗಮ್ಮಳಿಗೆ ಕೊಟ್ಟುಕಳಿಸಿದ್ದೇ ಕಾರಣ. ಊಟದ ಹೊತ್ತಾದರೆ ಹೆಂಡತಿ ಹಿತ್ತಲಿನ ಎಮ್ಮೆಗೆ, "ಉಣ್ಣಾಕ ಬರ್ರಿ ಅಂತ ಹೇಳವ್ವ" ಎನ್ನುವಳು. ತಾಯಿಯವರು ಅದೇ ಎಮ್ಮೆಗೆ, "ಹಸಿವಿಲ್ಲ ಅಂತ ಹೇಳು" ಎನ್ನುವರು. ಊರ ಹಿರಿಯರು ಬಂದು ಬುದ್ಧಿ ಹೇಳಿ ಹೋದರು. ಮಠದ ಅಯ್ಯನವರೂ ಬಂದು, ಎಮ್ಮೆಯನ್ನು ಹೊಗಳಿ ಹೋದರು.

ಆದಕಾರಣ ಗಿಡಕ್ಕೆ ನೀರು ಹಾಕುವ ಆಜ್ಞೆಯನ್ನು ನಾನು ಇಬ್ಬರಿಗೂ ಬೇರೆ ಬೇರೆಯಾಗಿಯೇ ಕೊಡಬೇಕಾಯಿತು. ತಾಯಿ ಬೆಳಿಗ್ಗೆ ಹಾಕಿದರು, ಹೆಂಡತಿ ಸಂಜೆ ಹಾಕಿದಳು. ಗಿಡ ಬಾಡಿದಷ್ಟೂ ನಾನು ಹೆಚ್ಚು ಹಾಕಿರೆಂದೆ. ಇಬ್ಬರೂ ತಂಬಿಗೆಯ ಜಾಗಕ್ಕೆ ಬಿಂದಿಗೆ ತಂದರು. ನಮ್ಮ ಎರೆಮಣ್ಣು ಒಮ್ಮೆ ಕುಡಿದ ನೀರನ್ನು ಜಿಪುಣನಂತೆ ಹಿಡಿದಿಟ್ಟುಕೊಳ್ಳುತ್ತದೆಂಬುದು ತಮ್ಮ ಚೀಟಿಗೆ ತಿಳಿದಿರಲಾರದು.

ಒಂದು ಬೆಳಿಗ್ಗೆ ಕೊಟ್ರಬಸಮ್ಮ, ಸಂಜೆ ಆರತಿಗೆ ಹೋಗಬೇಕೆಂದು ಮುಂಚೆಯೇ ಬಿಂದಿಗೆ ಹಿಡಿದು ಬಂದಳು. ಅಲ್ಲಿ ತಾಯಿಯವರು ಆಗಲೇ ನೀರು ಸುರಿಯುತ್ತಿದ್ದರು. ನಾನು ಕಟ್ಟೆಯ ಮೇಲೆ ಹಲ್ಲುಜ್ಜುತ್ತಿದ್ದೆ. ತಾಯಿಯವರು ಜಗಳವನ್ನೇ ಮರೆತು ಕೇಳಿದರು:

"ನೀನೂ ನೀರು ಹಾಕಾಕತ್ತಿಯೇನ?"

"ದಿನಾ ಸಂಜಿಕ ಹಾಕ್ತೀನ್ರಿ ಅತ್ತಿ. ಅವರ ಹೇಳ್ಯಾರ."

"ಅಯ್ಯ ನಮ್ಮವ್ವ! ನನಗೂ ಅವನ ಹೇಳ್ಯಾನ. ನಾವಿಬ್ರೂ ಕೂಡಿ ಇದನ್ನ ಮುಳುಗಿಸಿ ಕೊಂದ್ವಲ್ಲ!"

ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಆ ನೋಟದ ಬಗ್ಗೆ ಇಲ್ಲಿ ಬರೆಯುವುದಿಲ್ಲ.

ಅತ್ತೆ ಸೊಸೆ ಸೇರಿ ಗಿಡವನ್ನು ಅಗೆದರು. ಬೇರು ಕಪ್ಪಾಗಿ, ಬಚ್ಚಲಿನಂತೆ ನಾರುತ್ತಿತ್ತು. ಕೊಳೆತದ್ದನ್ನು ಕತ್ತರಿಸಿ, ಉಸುಕೂ ಎಲೆಗೊಬ್ಬರವೂ ತುಂಬಿದ ಹಳೆಯ ಗಡಿಗೆಗೆ ಅದನ್ನು ಇಳಿಸಿ, ಬಚ್ಚಲುಮನೆಯ ಹಿಂದಿನ ನೆರಳಿಗೆ ಒಯ್ದರು. ಮಣ್ಣು ಒಣಗಿತೇ ಎಂದು ಸರದಿಯ ಮೇಲೆ ಬೆರಳಿಟ್ಟು ನೋಡಿದರು. ಹಾಗೆ ಗಡಿಗೆಯ ಮುಂದೆ ಕೂತಿದ್ದಾಗಲೇ ಒಂದು ಮಧ್ಯಾಹ್ನ ಕೊಟ್ರಬಸಮ್ಮ ತಲೆ ಎತ್ತದೆ, "ಹಂಡೆ ಸಂಗಮ್ಮನ ಹತ್ರನ ಇರ್ಲಿ ಬಿಡ್ರಿ ಅತ್ತಿ. ಸಣ್ಣ ಕೂಸಿನ ಮನಿ, ಬಿಸಿನೀರು ಭಾಳ ಬೇಕು" ಎಂದಳು. ತಾಯಿಯವರು ಗಡಿಗೆಯ ಮಣ್ಣಿಗೆ ಮತ್ತೊಮ್ಮೆ ಬೆರಳಿಟ್ಟರು. ಆಮೇಲೆ, "ನಿನ್ನ ಒಂದು ಮಾತು ಕೇಳಬೇಕಾಗಿತ್ತವ್ವ" ಎಂದು ಸೆರಗಿನಿಂದ ಮೂಗು ಒರೆಸಿಕೊಂಡರು. ಮಳೆಗಾಲದ ಮೊದಲಿಗೆ ಗಿಡದಲ್ಲಿ ಎರಡು ಚಿಗುರು ಬಂದವು. ಬಣ್ಣ ಹಸಿರು.

ಈಗ ನನ್ನ ದೂರು. ತಮ್ಮ ಸಸಿ ಬರುವ ಮೊದಲು ಈ ಮನೆಯಲ್ಲಿ ಶಾಂತಿಯಿತ್ತು. ಈಗ ಅತ್ತೆ ಸೊಸೆಯರ ಮಾತು ಕೋಳಿ ಕೂಗುವ ಮುನ್ನವೇ ಶುರುವಾಗುತ್ತದೆ, ಮತ್ತು ಮಾತಿನ ವಿಷಯ ನಾನೇ. ನಾನು ಉಪ್ಪು ಸಾಲದೆಂದರೆ ಇಬ್ಬರೂ ಒಂದೇ ದನಿಯಲ್ಲಿ ಉತ್ತರಿಸುತ್ತಾರೆ. ನನ್ನ ಪಕ್ಷಕ್ಕೆ ಎಮ್ಮೆಯೊಂದೇ ಉಳಿದಿದೆ. ಆದ್ದರಿಂದ ತಾವು ದಯವಿಟ್ಟು ಹಳೆಯ ಮೌನವನ್ನು ರೈಲು ಪಾರ್ಸಲಿನಲ್ಲಿ ಹಿಂದಿರುಗಿಸಬೇಕು. ಸಾಧ್ಯವಾಗದಿದ್ದರೆ ನೀಲಗಿರಿಯ ಒಂದು ಮೋಡವನ್ನಾದರೂ ಕಂಪ್ಲಿಗೆ ಕಳಿಸಿ, ಅದರ ಕೆಳಗೆ ನಾನೂ ಗಿಡವೂ ಕೂತುಕೊಳ್ಳುತ್ತೇವೆ.

ಎರಡು ಚಿಗುರಿನಷ್ಟು ಮಾತ್ರ
ತಮ್ಮ ವಿಶ್ವಾಸಿ,
ಅಂದಾನಪ್ಪ, ಅಕ್ಕಿ ಗಿರಣಿ, ಕಂಪ್ಲಿ

ಮರೆತ ಮಾತು: ಎದುರು ಮನೆಯ ಮೈಲಾರಲಿಂಗಪ್ಪನವರು ನಡುಗೋಡೆಯ ವಿಚಾರದಲ್ಲಿ ಅಣ್ಣನೊಡನೆ ಮಾತು ಬಿಟ್ಟಿದ್ದಾರೆ, ತಮಗೂ ಇಂಥದೊಂದು ಗಿಡ ಬೇಕೆನ್ನುತ್ತಾರೆ. ದಯವಿಟ್ಟು ತಮ್ಮ ಎಂದಿನ ಮಾಲನ್ನೇ ಕಳಿಸಿರಿ. ಗಟ್ಟಿಮುಟ್ಟಾದ ಗಿಡ ಬಂದರೆ ಅವರಿಗೆ ಉಪಯೋಗವಿಲ್ಲ. ಆದರೆ ತಮ್ಮ ಕಂಪನಿಯಿಂದ ಅಂಥ ತಪ್ಪು ಆಗಲಾರದೆಂದು ನಾನೇ ಅವರಿಗೆ ಭರವಸೆ ಕೊಟ್ಟಿದ್ದೇನೆ.