ಮೇಷ್ಟ್ರ ನೂರ ಐವತ್ತಮೂರು

ಹರೆಯದಲ್ಲಿ ಕಾಮಾಲೆಯಿಂದ ಮೂರು ತಿಂಗಳು ಹಾಸಿಗೆ ಹಿಡಿದಿದ್ದಾಗ, ಗಣಿತದ ಮೇಷ್ಟ್ರು ಯಾವ ಪುಸ್ತಕದ ಹಂಗೂ ಇಲ್ಲದೆ ಒಂದು ಸಂಗತಿಯನ್ನು ಕಂಡುಹಿಡಿದಿದ್ದರು. ಮೂರರಿಂದ ಭಾಗವಾಗುವ ಯಾವುದಾದರೂ ಸಂಖ್ಯೆಯನ್ನು ತೆಗೆದುಕೊಂಡು, ಅದರ ಅಂಕಿಗಳ ಘನಗಳನ್ನು ಕೂಡಬೇಕು. ಬಂದ ಉತ್ತರಕ್ಕೂ ಹಾಗೆಯೇ ಮಾಡುತ್ತ ಹೋಗಬೇಕು. 12 ತೆಗೆದುಕೊಂಡರೆ 9 ಆಗುತ್ತದೆ. ಅದು 729, ಅದು 1080, ಅದು 513, ಕಡೆಗೆ 153. ಅಲ್ಲಿಂದಾಚೆ ಅಲುಗಾಟವಿಲ್ಲ. ಒಂದು, ಐದು, ಮೂರರ ಘನಗಳನ್ನು ಕೂಡಿದರೆ ಮತ್ತೆ 153. ಮಾವನ ಮನೆಗೆ ಬಂದ ಅಳಿಯನಂತೆ ಸಂಖ್ಯೆ ಅಲ್ಲೇ ಕುಳಿತುಬಿಡುತ್ತದೆ.

ಬೇರೆ ಯಾರೋ ಇದನ್ನು ಮೊದಲೇ ಕಂಡಿದ್ದರೆಂದು ಆಮೇಲೆ ತಿಳಿದರೂ ಮೇಷ್ಟ್ರ ಹೆಮ್ಮೆ ಕೂದಲೆಳೆಯಷ್ಟೂ ಕುಗ್ಗಿರಲಿಲ್ಲ.

ಈಗ ಅವರ ವಾಸ ನಾಲ್ಕನೆಯ ಮಹಡಿ. ಲಿಫ್ಟ್ ಎಂಬುದು ಕಟ್ಟಡದ ನಕ್ಷೆಯಲ್ಲಿ ಮಾತ್ರ ಇತ್ತು. ಮೊಣಕಾಲುಗಳು ಹಳೆಯ ಬಾಗಿಲಿನಂತೆ ಕಿರುಗುಟ್ಟುತ್ತಿದ್ದಾಗಲೇ ನೆಲಮಹಡಿಯ ಮನೆ ಖಾಲಿಯಾಯಿತು. ಮೇಲಿದ್ದ ನಾಲ್ಕು ಮನೆಯವರೂ ಅದಕ್ಕೆ ಬಾಯಿಬಿಟ್ಟರು.

"ಚೀಟಿ ಎತ್ತಿ, ಮುಗಿಸಿ," ಎಂದರು ಮಾಲೀಕರು.

"ಎತ್ತೋ ಕೈ ಯಾರ್ದು ಸ್ವಾಮಿ?" ಎಂದು ಮೊದಲನೆಯ ಮಹಡಿಯ ಟೈಲರ್, ಎರಡನೆಯ ಮಹಡಿಯ ವಾಚ್ ರಿಪೇರಿಯವರನ್ನು ನೋಡಿದ.

"ನನ್ನ ಯಾಕೆ ನೋಡ್ತೀಯಪ್ಪಾ? ಕತ್ತರಿಸೋ ಕೈ ನಿನ್ದೇ ಅಲ್ವಾ?" ಎಂದರು ಅವರು.

ಮೇಷ್ಟ್ರು ಗಂಟಲು ಸರಿಪಡಿಸಿಕೊಂಡರು. ಒಬ್ಬೊಬ್ಬರೂ ಒಂದು ಸಂಖ್ಯೆ ಹೇಳಲಿ; ಅಂಕಿಗಳ ಘನ ಕೂಡುವ ಲೆಕ್ಕ ಮಾಲೀಕರೇ ಮಾಡಲಿ; 153ಕ್ಕೆ ಬಂದವರು ಉಳಿಯಲಿ, ಮಿಕ್ಕವರು ಬಿಡಲಿ; ಒಬ್ಬರೇ ಉಳಿಯುವ ತನಕ ಹೊಸ ಸಂಖ್ಯೆಗಳೊಂದಿಗೆ ಆಟ ಮುಂದುವರಿಯಲಿ. ಗಣಿತಕ್ಕೆ ನೆಂಟರಿಲ್ಲವೆಂದು ಮಾಲೀಕರು ಒಪ್ಪಿದರು.

"ಇದು ಮೋಸ ಅಲ್ವೇನ್ರೀ?" ಎಂದು ಮೇಷ್ಟ್ರ ಹೆಂಡತಿ ಪಿಸುಗುಟ್ಟಿದರು.

"ಮೋಸ ಅಲ್ಲ ಕಣೇ, ವಿದ್ಯೆ! ಟೈಲರ್ ಬಾಯಲ್ಲಿ ಸದಾ ಗುಂಡುಪಿನ್ನು, ವಾಚಿನವರ ಕಣ್ಣಲ್ಲಿ ಸದಾ ಭೂತಗನ್ನಡಿ. ನಾನು ಹೇಳಿದ್ದನ್ನ ಅವರು ಯಾವತ್ತು ಕೇಳಿಸ್ಕೊಂಡಿದಾರೆ?"

ಮಾಲೀಕರು ಅಂಗಳದ ಗೋಡೆಯ ಮೇಲೆ ಸೀಮೆಸುಣ್ಣದಿಂದ ಲೆಕ್ಕ ಹಾಕಿದರು. ಮೇಷ್ಟ್ರ ಸಂಖ್ಯೆ 153ಕ್ಕೆ ಬಂತು. ಟೈಲರ್‌ನದೂ ಬಂತು. ವಾಚಿನವರದೂ ಬಂತು. ಓಟದ ತರಬೇತಿ ಕೊಡುವ ಹುಡುಗಿ, ಮೂರನೆಯ ಮಹಡಿಗೆ ಬಂದು ವಾರವೂ ಆಗದವಳು, ತನ್ನ ಮೈದಾನದ ಸುತ್ತಳತೆಯನ್ನೇ ಹೇಳಿದ್ದಳು: 400. ಅದು ಮಾತ್ರ 133ಕ್ಕೆ ಬಂದು, 55ಕ್ಕೆ ಹೋಗಿ, 250 ಆಗಿ, ತಿರುಗಿ 133ಕ್ಕೇ ಬಂತು.

"ಇದೇನಮ್ಮಾ, ನಿನ್ನ ಸಂಖ್ಯೇನೂ ಸುತ್ತು ಹೊಡೀತಾ ಇದೆ!" ಎಂದು ಮಾಲೀಕರು ಅವಳನ್ನು ಕೈಬಿಟ್ಟರು.

ಎರಡನೆಯ ಸುತ್ತಿನಲ್ಲೂ ಉಳಿದ ಮೂವರೂ 153. ಕಾಕತಾಳೀಯ ಎಂದುಕೊಂಡರು ಮೇಷ್ಟ್ರು. ಮೂರನೆಯ ಸುತ್ತಿನಲ್ಲೂ ಅದೇ. ಮೇಷ್ಟ್ರ ಹಣೆಯಲ್ಲಿ ಬೆವರು. ಮಾಲೀಕರ ಕೈಯಲ್ಲಿ ಉಗುರಿನಷ್ಟು ಸೀಮೆಸುಣ್ಣ.

"ಏನ್ರೀ ಇದು ನಾಟಕ?" ಎಂದು ಅವರು ಗುಡುಗಿದರು.

ಟೈಲರ್‌ನ ಹೆಂಡತಿಗೆ ತಡೆಯಲಾಗಲಿಲ್ಲ. "ನಾಟಕ ಎಂಥದು ಅಣ್ಣಾ? ಮೂರರಿಂದ ಭಾಗ ಹೋದ್ರೆ ಸಾಕು. ಮೇಷ್ಟ್ರು ಮೆಟ್ಟಿಲ ಮೇಲೆ ಅಡ್ಡ ಹಾಕಿ ಅಡ್ಡ ಹಾಕಿ ಹೇಳಿಲ್ವಾ? ನಮ್ಮನೇಲಿ ನಿದ್ದೆಗಣ್ಣಲ್ಲೂ ಇದೇ ಕನವರಿಸ್ತಾರೆ!"

ಜೀವಮಾನದಲ್ಲಿ ಮೊದಲ ಬಾರಿಗೆ ತಮ್ಮ ಪಾಠ ಇಡೀ ತರಗತಿಗೆ ತಲುಪಿದೆಯೆಂದು ಮೇಷ್ಟ್ರಿಗೆ ಮನವರಿಕೆಯಾಯಿತು. ಸಂತೋಷಪಡಲು ಅದು ಸಮಯವಾಗಿರಲಿಲ್ಲ.

"ಮೂರೂ ಜನ ಕಳ್ಳಾಟ ಆಡಿದ್ದೀರಿ," ಎಂದರು ಮಾಲೀಕರು. "ನ್ಯಾಯವಾಗಿ ಆಡಿದೋಳು ಈ ಹುಡುಗಿ ಒಬ್ಬಳೇ. ಮನೆ ಅವಳಿಗೆ."

ಮೂರು ಮಹಡಿಗಳನ್ನು ಉಸಿರೂ ಕಟ್ಟದೆ ಹತ್ತುವವಳಿಗೆ ನೆಲಮಹಡಿ!

ಸಂಜೆ ಮೇಷ್ಟ್ರು ಎರಡನೆಯ ಮಹಡಿಯ ತಿರುವಿನಲ್ಲಿ ಕಂಬಿ ಹಿಡಿದು ಏದುಸಿರು ಬಿಡುತ್ತಿದ್ದರು. ಸಾಮಾನು ಹೊತ್ತ ಹುಡುಗಿ ಎರಡೆರಡು ಮೆಟ್ಟಿಲು ಹಾರಿ ಇಳಿಯುತ್ತಿದ್ದವಳು ಗಕ್ಕನೆ ನಿಂತಳು.

"ಮೇಷ್ಟ್ರೇ, ನಾನು ಬಂದ ದಿನ ಇಲ್ಲೇ ನಿಂತು ಏನೋ ಹೇಳ್ತಿದ್ರಲ್ಲಾ, ಆಗ ಕಿವೀಲಿ ಹಾಡು ಹಾಕ್ಕೊಂಡು ಸುಮ್ನೆ ತಲೆ ಆಡಿಸಿಬಿಟ್ಟಿದ್ದೆ. ಅದೇನು ಅಂತ ಇನ್ನೊಂದ್ಸಲ ಹೇಳ್ತೀರಾ?"