ರೇಸರನ ಮಾಮಾ

ಇಷ್ಟಕ್ಕೆಲ್ಲ ಕಾರಣ ಒಂದು ಕಾಗೆ. ನಾಶಿಕದ ಆ ಹೌಸಿಂಗ್ ಸೊಸೈಟಿಯ ಗೇಟಿನ ಹೊರಗೆ ಬಾದಾಮಿ ಮರ, ಮರದ ಮೇಲೆ ಕಾಗೆ, ಕಾಗೆಯ ನೇರ ಕೆಳಗೆ ಯತಿರಾಜನ ಸ್ಕೂಟರು. ಧಾರವಾಡದಿಂದ ವರ್ಗವಾಗಿ ಬಂದಾಗಿನಿಂದ ಅವನು ದಿನಾ ಬೆಳಗ್ಗೆ ಸೀಟು ತೊಳೆದು, ಒದ್ದೆ ಪ್ಯಾಂಟಿನಲ್ಲೇ ಬ್ಯಾಂಕಿಗೆ ಹೋಗುತ್ತಿದ್ದ. ಈಗ ಬಾಡಿಗೆದಾರರೊಬ್ಬರು ಮನೆ ಬಿಟ್ಟು, ಸೂರಿನ ಕೆಳಗೆ ಒಂದೇ ಒಂದು ಪಾರ್ಕಿಂಗ್ ಜಾಗ ಖಾಲಿಯಾಗಿತ್ತು. ಅದು ಯಾರಿಗೆ ಎಂಬುದು ಆ ಭಾನುವಾರ, ಗಣಪತಿಯ ಸಂಜೆ ಆರತಿಯಾದ ಮೇಲೆ ತೀರ್ಮಾನವಾಗಬೇಕಿತ್ತು. ಮೂರನೆಯ ಮಹಡಿಯ ಅಲಕಾತಾಯಿಯೂ ಮಗ ಓಂಕಾರನ ಬೈಕಿಗಾಗಿ ಅದರ ಮೇಲೆ ಕಣ್ಣಿಟ್ಟಿದ್ದರು.

ಬೆಳಗ್ಗೆ ಪೆಂಡಾಲಿಗೆ ಹೂವು ಕೊಡಲು ಹೋದ ಯತಿರಾಜನಿಗೆ ಸೊಸೈಟಿಯ ಸೆಕ್ರೆಟರಿ ದತ್ತು ಸಿಕ್ಕರು. ಅಕ್ಕಲಕೋಟೆ ಕಡೆಯವರಾದ್ದರಿಂದ ಅವರಿಗೆ ಕನ್ನಡ ಬರುತ್ತಿತ್ತು. ಕಾರ್ಪೊರೇಷನ್ ಚುನಾವಣೆಗೆ ನಿಲ್ಲುವ ಆಸೆಯೂ ಇತ್ತು. ವಾರ್ಡಿನಲ್ಲಿ ಯಾರ ಮಗು ಎದ್ದು ನಡೆದರೂ ಮರುದಿನ ಅಭಿನಂದನೆಯ ಫ್ಲೆಕ್ಸ್ ಏಳುತ್ತಿತ್ತು. ಮಗುವಿನ ಫೋಟೋ ಬಟಾಣಿಯಷ್ಟು, ದತ್ತು ಅವರದು ಕುಂಬಳಕಾಯಿಯಷ್ಟು.

"ಮಧ್ಯಾಹ್ನ ಪೆಂಡಾಲದಾಗ ದೊಡ್ಡ ಪರದೆ ಹಚ್ಚತೇವ್ರಿ ಸಾಹೇಬ್. ದಿಲ್ಲಿ ಕಡೆ ಮೋಟರ್‌ಸೈಕಲ್ ಗ್ರ್ಯಾನ್ ಪ್ರೀ ರೇಸ್ ಐತಲ್ಲ, ಪೋರಗೋಳು ಹಟ ಹಿಡದಾರ."

"ನಮ್ಮ ಅಳಿಯ ಮುತ್ತೂನೂ ಅಲ್ಲೇ ಹೋಗ್ಯಾನ್ರಿ," ಎಂದು ಯತಿರಾಜ ಮೊಬೈಲಿನ ಫೋಟೋ ತೋರಿಸಿದ. ರೇಸಿನ ಬೈಕಿನ ಮೇಲೆ ಕೈಯಿಟ್ಟು ಮುತ್ತು ಹಲ್ಲು ಬಿಟ್ಟಿದ್ದ.

ಮುತ್ತು ಅಕ್ಕನ ಮಗ. ಸಂಭಾಜಿನಗರದ ಬೈಕ್ ಶೋರೂಮಿನಲ್ಲಿ ಮೆಕ್ಯಾನಿಕ್. ಟ್ರ್ಯಾಕಿನ ಅಂಚಿಗೆ ನಿಂತು, ಯಾರಾದರೂ ಬಿದ್ದರೆ ಓಡಿಹೋಗಿ ಗಾಡಿ ಎತ್ತುವ ತಂಡಕ್ಕೆ ಅವನನ್ನು ಆರಿಸಿದ್ದರು. ಇದನ್ನು ಹೇಳಲು ಯತಿರಾಜ ಬಾಯಿ ತೆರೆಯುವಷ್ಟರಲ್ಲಿ ದತ್ತು ಅವನ ಎರಡೂ ಕೈ ಹಿಡಿದು ಕುಲುಕಿಬಿಟ್ಟರು.

"ಅರೆ ವ್ಹಾ! ಅಳಿಯ ರೇಸರ್ ಅದಾನ ಅಂತ ಇಷ್ಟು ದಿವಸ ಹೇಳಿಲ್ಲಲ್ರಿ! ರೇಸರನ ಮಾಮಾನ ಗಾಡಿ ಕಾಗಿ ಕೆಳಗಂದ್ರ ನಮ್ಮ ಸೊಸೈಟಿಗೇ ಅಪಮಾನ. ಆ ಪಾರ್ಕಿಂಗ್ ನಿಮ್ದs ಅಂತ ತಿಳೀರಿ."

ಯತಿರಾಜ ತೆರೆದ ಬಾಯಿ ಮುಚ್ಚಿಕೊಂಡ.

"ಈಗಿಂದೀಗ ಹೋಗಿ ಖರೇ ಹೇಳಿ ಬರ್ರಿ," ಎಂದಳು ಹೆಂಡತಿ ಭುವನೇಶ್ವರಿ, ಮನೆಯಲ್ಲಿ ಇದನ್ನೆಲ್ಲ ಕೇಳಿ.

"ಪಾರ್ಕಿಂಗ್ ಚೀಟಿ ಕೈಗೆ ಬರ್ಲಿ ತಡಿ."

"ಎಲ್ಲಾರೂ ಕೂತು ರೇಸ್ ನೋಡ್ತಾರ. ಗೊತ್ತಾಗೂದಿಲ್ಲೇನು?"

"ಹೆಲ್ಮೆಟ್ ಒಳಗ ಯಾರ ಮಾರಿ ಕಾಣತದ? ಯಾರರೆ ಒಬ್ಬನ್ನ ತೋರಿಸಿದ್ರಾತು. ಗೆಲ್ಲಾಂವ ಅಲ್ಲ, ಕಡೀಕ ಬರಾಂವನೂ ಅಲ್ಲ. ನಡುವಿನಾಂವ."

ಇಪ್ಪತ್ತೆರಡು ವರ್ಷದ ಬ್ಯಾಂಕಿನ ನೌಕರಿ ಅವನಿಗೆ ಕಲಿಸಿದ್ದು ಇಷ್ಟೇ. ನಡುವಿನವನನ್ನು ಯಾರೂ ವಿಚಾರಿಸುವುದಿಲ್ಲ.

ಹನ್ನೊಂದಕ್ಕೆ ಫ್ಲೆಕ್ಸ್ ಎದ್ದಿತು. 'ನಾಶಿಕದ ಹೆಮ್ಮೆ ಮುತ್ತು ಅವರಿಗೆ ವಿಜಯದ ಅಭಿನಂದನೆಗಳು' ಎಂದು ಮರಾಠಿಯಲ್ಲಿ, ಜೊತೆಗೆ ಮೊಬೈಲಿನಲ್ಲಿದ್ದ ಅದೇ ಹಲ್ಲು ಬಿಟ್ಟ ಫೋಟೋ. ರೇಸು ಶುರುವಾಗುವುದೇ ಮೂರೂವರೆಗೆ, ಹುಡುಗನಿರುವುದು ಸಂಭಾಜಿನಗರದಲ್ಲಿ. ಕೇಳಿದರೆ ದತ್ತು, "ಮಾಮಾ ನಾಶಿಕದಾಗ ಅದಾನಲ್ಲ, ಮುಗೀತು," ಎಂದರು.

ಓಂಕಾರ ಮಾತ್ರ ಮೊಬೈಲಿನಲ್ಲಿ ಸವಾರರ ಪಟ್ಟಿ ತೆಗೆದು, ಇದರಲ್ಲಿ ಮುತ್ತು ಎಂಬ ಹೆಸರೇ ಇಲ್ಲವಲ್ಲ ಎಂದ. ಆದರೆ ದತ್ತು ಹುಡುಗನನ್ನು ಗದರಿಸಿ ಕೂರಿಸಿದರು. ಫ್ಲೆಕ್ಸ್ ಏರಿದ ಮೇಲೆ ಪಟ್ಟಿ ನೋಡುವವರು ಮೂರ್ಖರು ಎಂಬುದು ಅವರ ವಾದ. ಫ್ಲೆಕ್ಸಿನಲ್ಲಿದ್ದದ್ದು ಸುಳ್ಳಾಗುವ ಪದ್ಧತಿ ಆ ವಾರ್ಡಿನಲ್ಲಿರಲಿಲ್ಲ.

ಅಷ್ಟರಲ್ಲಿ ಅಲಕಾತಾಯಿ, ಹುಡುಗ ಗಾಡಿ ಕಲಿತದ್ದು ಯಾವುದರ ಮೇಲೆ ಎಂದು ಕೇಳಿದರು. ಗಾಬರಿಯಲ್ಲಿದ್ದ ಯತಿರಾಜ ತನ್ನ ಸ್ಕೂಟರಿನತ್ತ ಬೆರಳು ತೋರಿಸಿಬಿಟ್ಟ. ಹತ್ತು ನಿಮಿಷದಲ್ಲಿ ಸ್ಕೂಟರು ಮೈತೊಳೆದುಕೊಂಡು, ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಚೆಂಡುಹೂವಿನ ಮಾಲೆ ಧರಿಸಿ ಗಣಪತಿಯ ಪಕ್ಕದಲ್ಲಿ ನಿಂತಿತು. ಪರೀಕ್ಷೆ ಬರೆಯುವ ಮಕ್ಕಳು ಬಂದು ಅದರ ಹ್ಯಾಂಡಲ್ಲಿಗೆ ಕೈ ಮುಗಿದರು. ಯತಿರಾಜನಿಗೆ ನಾಚಿಕೆಯಾಯಿತು. ಆದರೂ ಹೊಳೆಯುವ ಸೀಟು ನೋಡಿ ಒಳಗೊಳಗೇ ಖುಷಿಯೂ ಆಯಿತು.

ಮೂರೂವರೆಗೆ ಪೆಂಡಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬೈಕುಗಳು ಗುಂಪಾಗಿ ಹೊರಟವು.

"ಮುತ್ತು ಯಾರ್ರಿ? ತೋರಸ್ರಿ!" ಎಂದರು ದತ್ತು.

ಯತಿರಾಜ ಲೆಕ್ಕ ಹಾಕಿ, ಹನ್ನೆರಡನೆಯವನಾಗಿ ಹೋಗುತ್ತಿದ್ದ ಹಳದಿ ಹೆಲ್ಮೆಟ್ಟಿನವನನ್ನು ತೋರಿಸಿದ. ಆ ಹಳದಿ ಹೆಲ್ಮೆಟ್ ಕಂಡಾಗಲೆಲ್ಲ ಸೀಟಿ, ಚಪ್ಪಾಳೆ, ಮೋರಯಾ ಘೋಷ. ಹೀಗೆ ನಡುವಿನಲ್ಲೇ ಹೋಗಿ ನಡುವಿನಲ್ಲೇ ಮುಗಿಸಪ್ಪಾ ಎಂದು ಯತಿರಾಜ ಗಣಪತಿಯನ್ನು ಬೇಡಿಕೊಂಡ.

ಏಳನೆಯ ಸುತ್ತಿನ ತಿರುವಿನಲ್ಲಿ ಹಳದಿ ಹೆಲ್ಮೆಟ್ ಜಾರಿತು. ಬೈಕು ಒಂದು ಕಡೆ, ಸವಾರ ಒಂದು ಕಡೆ. ಅಲಕಾತಾಯಿ, "ಅಗ್ಗ ಬಾಯಿ!" ಎಂದು ಚೀರಿ, ನೂರೊಂದು ಮೋದಕದ ಹರಕೆ ಹೊತ್ತರು. ದತ್ತು ಕಣ್ಣೊರೆಸಿಕೊಂಡರು. ಯಾರೋ ಯತಿರಾಜನಿಗೆ ನೀರು ಕುಡಿಸಿದರು.

ಆಗ ಕಿತ್ತಳೆ ಬಟ್ಟೆಯ ನಾಲ್ವರು ಓಡಿಬಂದು ಬೈಕು ಎತ್ತತೊಡಗಿದರು. ಕ್ಯಾಮೆರಾ ಮೆಲ್ಲಗೆ ಹತ್ತಿರ ಹೋಯಿತು. ಅಷ್ಟು ದೊಡ್ಡ ಪರದೆಯ ತುಂಬ, ಹೆಲ್ಮೆಟ್ ಇಲ್ಲದೆ, ಬೆವರು ಸುರಿಸುತ್ತ, ಥೇಟು ಫ್ಲೆಕ್ಸಿನಲ್ಲಿದ್ದಂತೆ ಹಲ್ಲು ಬಿಟ್ಟುಕೊಂಡು ಮುತ್ತು ಕಾಣಿಸಿಕೊಂಡ.

ಇಡೀ ಪೆಂಡಾಲು ಒಮ್ಮೆ ಪರದೆ ನೋಡಿತು, ಒಮ್ಮೆ ಫ್ಲೆಕ್ಸ್ ನೋಡಿತು, ಆಮೇಲೆ ಯತಿರಾಜನನ್ನು ನೋಡಿತು.

"ಸಾಹೇಬ್," ಎಂದರು ದತ್ತು ನಿಧಾನವಾಗಿ, "ಬಿದ್ದಾಂವ ಮುತ್ತು ಆದ್ರ, ಎತ್ತಾಂವ ಯಾರ್ರಿ?"

"ಅಂವs ಮುತ್ತು ರೀ," ಎಂದ ಯತಿರಾಜ ತಲೆ ತಗ್ಗಿಸಿ. "ಅವನ ಕೆಲಸನ ಅದು. ತಪ್ಪಾತ್ರಿ."

ದತ್ತು ಫ್ಲೆಕ್ಸಿನ ಮೇಲಿನ ತಮ್ಮ ಕುಂಬಳಕಾಯಿ ಮುಖವನ್ನು ನೋಡಿದರು. ಅದನ್ನು ಇಳಿಸುವುದು ಅವರಿಂದಾಗದ ಮಾತು. ಮೈಕು ಎತ್ತಿಕೊಂಡರು. ಓಡಿಸುವವರು ಸಾವಿರ ಜನ, ಬಿದ್ದವರನ್ನು ಎತ್ತುವವನೇ ನಿಜವಾದ ವೀರ, ನಾನೂ ಈ ವಾರ್ಡಿನಲ್ಲಿ ಅದನ್ನೇ ಮಾಡುತ್ತಿದ್ದೇನೆ ಎಂದು ಮರಾಠಿಯಲ್ಲಿ ಕಾಲು ಗಂಟೆ ಗುಡುಗಿದರು. ಫ್ಲೆಕ್ಸಿನ 'ವಿಜಯ'ದ ಮೇಲೆ 'ಸೇವೆ' ಎಂಬ ಕಾಗದ ಅಂಟಿತು. ಚಪ್ಪಾಳೆಯೋ ಚಪ್ಪಾಳೆ. ಯತಿರಾಜನಿಗೆ ಹೋದ ಜೀವ ಬಂತು.

ಆರತಿಯಾದ ಮೇಲೆ ದತ್ತು ಅವನಿಗೆ ಶಾಲು ಹೊದಿಸಿ, ಕೊರಳಿಗೆ ಒಂದು ಸೀಟಿ ತೂಗುಹಾಕಿದರು.

"ಇವತ್ತಿಂದ ಪಾರ್ಕಿಂಗ್ ಉಸ್ತುವಾರಿ ನಿಮ್ದು. ಅಡ್ಡ ನಿಂತ ಗಾಡಿ ಸರಿಸೂದು, ಬಿದ್ದ ಗಾಡಿ ಎತ್ತೂದು. ನಿಮ್ಮ ಮನೆತನದ ಕಲಾ ಸೊಸೈಟಿಗೂ ಉಪಯೋಗ ಆಗ್ಲಿ."

"ಮತ್ತ ಆ ಖಾಲಿ ಜಾಗಾರಿ?"

"ಉಸ್ತುವಾರಿ ಮಾಡಾವ್ರs ಜಾಗಾ ಹೊಡಕೊಂಡ್ರ ಮಂದಿ ಏನಂದಾರ್ರಿ? ಅದನ್ನ ಅಲಕಾತಾಯಿಗೆ ಕೊಟ್ಟೇವಿ."

ಭುವನೇಶ್ವರಿ ಸ್ಕೂಟರಿನ ಮಾಲೆ ಸರಿಮಾಡಿ, ಅದನ್ನು ತಳ್ಳಿಕೊಂಡು ಹೋಗಿ ಬಾದಾಮಿ ಮರದ ಕೆಳಗೆ ನಿಲ್ಲಿಸಿ ಬಂದಳು. ಅಷ್ಟರಲ್ಲಿ ಮುತ್ತುವಿನ ಫೋನು.

"ಮಾಮಾ, ಟಿವ್ಯಾಗ ನಾ ಕಂಡ್ನ್ಯಾ?"

"ಕಂಡಿಯಪ್ಪಾ. ಎಲ್ಲಾರಿಗೂ ಕಂಡಿ."

"ರಟ್ಟಿ ಬಿದ್ದುಹೋಗ್ಯಾವ್ರಿ ಮಾಮಾ, ಆ ಗಾಡಿ ಭಾಳ ಭಾರ ಇರ್ತಾವ. ಪುಣ್ಯೇಕ ಮೂರs ದಿವಸದ ಕೆಲಸ, ಇವತ್ತಿಗೆ ಮುಗೀತು."

ಸೂರಿನ ಕೆಳಗೆ ಧಡಾರೆಂದು ಏನೋ ಉರುಳಿತು. ಮೂರನೆಯ ಮಹಡಿಯಿಂದ ಅಲಕಾತಾಯಿ ಯತಿರಾಜನ ಹೆಸರು ಹಿಡಿದು ಕೂಗಿದರು.

"ಫೋನ್ ಇಡ್ತೀನಿ ಮುತ್ತು," ಎಂದ ಯತಿರಾಜ, ಶಾಲು ತೆಗೆದು ಹೆಂಡತಿಯ ಕೈಗೆ ಕೊಡುತ್ತ. "ಇಲ್ಲೆ ಓಂಕಾರನ ಗಾಡಿ ಬಿದ್ದದ."