ಮಾವನ ಗಾಡಿಯ ಎಂಜಿನ್ ಬಿಚ್ಚಿದ್ದು

ಗೊತ್ತಿಲ್ಲದ ವಿಷಯವನ್ನು ಕಲಿಸುವುದು ಅಷ್ಟೇನೂ ಕಷ್ಟವಲ್ಲ. ಕಲಿಸಿದ್ದನ್ನು ಒಂದು ದಿನ ಕೈಯಾರೆ ಮಾಡಿ ತೋರಿಸುವ ಪ್ರಸಂಗ ಬರಬಾರದು, ಅಷ್ಟೇ. ರೋಣದ ಹೈಸ್ಕೂಲೊಂದರಲ್ಲಿ ನಾನು ಇಪ್ಪತ್ತೆರಡು ವರ್ಷಗಳಿಂದ ವಿಜ್ಞಾನದ ಮಾಸ್ತರ. ಪೆಟ್ರೋಲ್ ಎಂಜಿನ್ನಿನ ಚಿತ್ರವನ್ನು ಕಣ್ಣು ಮುಚ್ಚಿಕೊಂಡು ಬರೆಯಬಲ್ಲೆ. ಪುಸ್ತಕದಿಂದ ಆ ಪಾಠವನ್ನು ತೆಗೆದುಹಾಕಿದ ಮೇಲೂ ಬಿಡದೆ ಕಲಿಸುತ್ತ ಬಂದವನು ನಾನು, ಯಾಕೆಂದರೆ ನನಗೆ ಚೆಂದವಾಗಿ ಬರುವ ಚಿತ್ರ ಅದೊಂದೇ. ಆದರೆ ನಿಜವಾದ ಎಂಜಿನ್ನಿನೊಳಗೆ ನನ್ನ ಕೈ ಹೋದದ್ದು ಕಳೆದ ಚಳಿಗಾಲದಲ್ಲಿ, ಮೊದಲ ಸಲ.

ಗಾಡಿ ನಮ್ಮ ಮಾವನವರದು. ಅವರು ಗಜೇಂದ್ರಗಡದ ನೇಕಾರರು. ಆ ಹಳೆಯ ಮೋಟಾರ್ ಸೈಕಲ್ಲಿನ ಹಿಂದೆ ಸೀರೆಯ ಗಂಟು ಕಟ್ಟಿಕೊಂಡು ರಾಜೂರ, ಜಕ್ಕಲಿ, ನರಗುಂದ ಎಂದು ನಲವತ್ತು ವರ್ಷ ಸುತ್ತಿದವರು. ನನ್ನ ಹೆಂಡತಿ ಸುನಂದಾ ಚಿಕ್ಕವಳಿದ್ದಾಗ ಅದರ ಟ್ಯಾಂಕಿನ ಮೇಲೆ ಕೂತು ಶಾಲೆಗೆ ಹೋದವಳು. ಮೊಣಕಾಲು ನೋವಿನಿಂದ ಕಿಕ್ ಹೊಡೆಯಲು ಆಗದಂತಾದಾಗ ಮಾವ ಅದನ್ನು ನನಗೆ ಕೊಟ್ಟರು. ಕೊಡುವಾಗ ಹೆಗಲ ಮೇಲಿನ ವಲ್ಲಿಯಿಂದ ಸೀಟನ್ನು ಒರೆಸಿ, ನಾನು ಓಣಿ ತಿರುಗುವವರೆಗೂ ನೋಡುತ್ತ ನಿಂತರು. ಮಗಳನ್ನು ಕಳಿಸಿಕೊಡುವಾಗ ಇಷ್ಟು ಹೊತ್ತು ನಿಂತಿರಲಿಲ್ಲವೆಂದು ನನ್ನ ನೆನಪು.

ನನ್ನ ಕೈಗೆ ಬಂದ ಆರೇ ತಿಂಗಳಲ್ಲಿ ಗಾಡಿ ಹೊಗೆ ಉಗುಳತೊಡಗಿತು. ಶಿರೋಳದ ಹಾದಿಯಲ್ಲಿ ಸೈಕಲ್ಲಿನವರೂ ನನ್ನನ್ನು ಹಿಂದೆ ಹಾಕಿ, ತಿರುಗಿ ನಮಸ್ಕಾರ ಮಾಡಿ ಹೋಗತೊಡಗಿದರು. ನನ್ನ ಹಳೆಯ ವಿದ್ಯಾರ್ಥಿ ಈರಣ್ಣ ಈಗ ಊರಿನ ದೊಡ್ಡ ಮೆಕ್ಯಾನಿಕ್. ಅವನು ಸಪ್ಪಳ ಕೇಳಿ, ಎಂಜಿನ್ ಬಿಚ್ಚಿ ಮಸಿ ಕೆರೆದು ಪಿಸ್ಟನ್ನಿನ ರಿಂಗು ಬದಲಿಸಬೇಕು ಎಂದ. ಆದರೆ ಅವನು ತಂಗಿಯ ಮದುವೆಗೆಂದು ಎಂಟು ದಿನ ನರಗುಂದಕ್ಕೆ ಹೊರಟಿದ್ದ. ಇತ್ತ ಮಾವ ಕಣ್ಣು ತೋರಿಸಲು ಸೋಮವಾರ ರೋಣಕ್ಕೆ ಬರುವವರಿದ್ದರು. ಬಂದರೆ ಮೊದಲು ವಿಚಾರಿಸುವುದು ಗಾಡಿಯನ್ನು, ಆಮೇಲೆ ಮಗಳನ್ನು.

“ನಿಮಗ ನಾ ಏನ್ ಹೇಳೂದೈತ್ರಿ ಸರ? ನಮಗ ಎಂಜಿನ್ ಕಲಿಸಿದವ್ರ ನೀವು,” ಎಂದು ಈರಣ್ಣ ಹೊಸ ರಿಂಗುಗಳನ್ನೂ ನಟ್ಟು ಬಿಚ್ಚುವ ನಾಲ್ಕು ಪಾನಾಗಳನ್ನೂ ನನ್ನ ಕೈಗಿಟ್ಟ. ಅವನ ಮುಖದಲ್ಲಿ ತಮಾಷೆಯ ಸುಳಿವೇ ಇರಲಿಲ್ಲ. ಹಾಗಾಗಿ ತಪ್ಪಿಸಿಕೊಳ್ಳಲು ದಾರಿಯೂ ಇರಲಿಲ್ಲ.

ರವಿವಾರ ನಾಷ್ಟಾ ಮುಗಿಸಿ ಅಂಗಳದಲ್ಲಿ ಹಳೆಯ ಧೋತರ ಹಾಸಿ ಕೂತೆ. ಎಂಜಿನ್ನಿನ ತಲೆ ಸಲೀಸಾಗಿ ಬಂತು. ಸಿಲಿಂಡರನ್ನು ಮೇಲಕ್ಕೆತ್ತಿದೆ, ಪಿಸ್ಟನ್ ಕಂಡಿತು. ಆದರೆ ನನ್ನ ಚಿತ್ರದಲ್ಲಿ ಎಡಕ್ಕೊಂದು ಬಲಕ್ಕೊಂದು ಇರುವ ಕವಾಟಗಳು ಎಲ್ಲೂ ಇಲ್ಲ. ಯಾರೋ ಕದ್ದಿರಬೇಕು ಎಂದೂ ಒಂದು ಕ್ಷಣ ಅನಿಸಿತು. ಆಮೇಲೆ ಹೊಳೆಯಿತು: ನಾನು ಕಲಿಸುವುದು ಫೋರ್ ಸ್ಟ್ರೋಕ್, ಇದು ಟೂ ಸ್ಟ್ರೋಕ್. ಪಾಠದ ಕೊನೆಗೆ ಇದರ ಬಗ್ಗೆ ಒಂದು ಸಾಲಿತ್ತು. ಅಷ್ಟರಲ್ಲಿ ಪ್ರತಿ ವರ್ಷವೂ ಗಂಟೆ ಬಾರಿಸುತ್ತಿತ್ತು.

ಪಿಸ್ಟನ್ನಿನ ಪಿನ್ನು ಜಾರದಂತೆ ಅದರ ಬಾಯಿಗೆ ಉಗುರಿನಷ್ಟು ಸಣ್ಣ ತಂತಿಯ ಕ್ಲಿಪ್ ಇರುತ್ತದೆ. ಪಿಸ್ಟನ್ ಹೊರತೆಗೆಯಲೆಂದು ಅದನ್ನು ಸ್ಕ್ರೂ ಡ್ರೈವರಿನಿಂದ ಎಬ್ಬಿಸಿದೆ. ಟಣ್ ಎಂದು ಹಾರಿ, ತೆರೆದಿದ್ದ ಎಂಜಿನ್ನಿನ ಹೊಟ್ಟೆಯೊಳಗೇ ಬಿತ್ತು. ಎಂಜಿನ್ನಿನ ಬಾಯಿಗೆ ಮೊದಲು ಬಟ್ಟೆ ತುರುಕಬೇಕೆಂದು, ಅದೊಂದನ್ನು ಮಾತ್ರ, ಈರಣ್ಣ ಹೊರಡುವಾಗ ಹೇಳಿದ್ದ. ನಾನು ಗೊತ್ತು ಗೊತ್ತು ಎಂದಿದ್ದೆ.

ಸಪ್ಪಳಕ್ಕೆ ಸುನಂದಾ ಹೊರಗೆ ಬಂದಳು. ಆ ಕ್ಲಿಪ್ ಒಳಗಿದ್ದರೆ ಗಾಡಿ ಶುರುವಾದೊಡನೆ ಎಂಜಿನ್ ಪುಡಿಯಾಗುತ್ತದೆ, ತೆಗೆಯಬೇಕೆಂದರೆ ಕೆಳಭಾಗವನ್ನೆಲ್ಲ ಸೀಳಬೇಕು, ಅದು ನನ್ನಿಂದ ಆಗದು ಎಂದು ವಿವರಿಸಿದೆ. ಅವಳು ಬೈಯಲಿಲ್ಲ. ಕಟ್ಟೆಯ ಮೇಲೆ ಕೂತು, “ಅಪ್ಪಗ ಏನ್ ಹೇಳೂಣ್ರಿ?” ಎಂದಳು. ಬೈದಿದ್ದರೆ ಚೆನ್ನಾಗಿತ್ತು.

ನನ್ನಲ್ಲಿನ ವಿಜ್ಞಾನಿ ಎದ್ದ. ಪಾಠಕ್ಕೆಂದು ಮನೆಯಲ್ಲಿಟ್ಟುಕೊಂಡಿದ್ದ ಅಯಸ್ಕಾಂತದ ತುಂಡಿಗೆ ದಾರ ಕಟ್ಟಿ ಒಳಗೆ ಇಳಿಬಿಟ್ಟೆ. ಒಳಗಿನ ಚಕ್ರವೂ ಉಕ್ಕಿನದೇ ಎಂಬುದನ್ನು ಮರೆತಿದ್ದೆ. ಅಯಸ್ಕಾಂತ ಅದಕ್ಕೆ ಗಟ್ಟಿಯಾಗಿ ಅಂಟಿಕೊಂಡಿತು, ಎಳೆದರೆ ದಾರ ಕಿತ್ತುಬಂತು. ಈಗ ಎಂಜಿನ್ನಿನೊಳಗೆ ಎರಡು ಸಾಮಾನು.

ಸುನಂದಾ ಒಳಗೆ ಹೋಗಿ, ಟ್ರಂಕಿನಿಂದ ತೆಳ್ಳನೆಯ ಕೊಕ್ಕೆಯೊಂದನ್ನು ತಂದಳು. ತವರಿನಲ್ಲಿ ಮಗ್ಗಕ್ಕೆ ನೂಲು ಹೂಡುವಾಗ ಎಳೆಗಳನ್ನು ಒಂದೊಂದಾಗಿ ಬಾಚಣಿಗೆಯಂಥ ಹಣಿಗೆಯ ಸಂದಿನಿಂದ ಎಳೆದುಕೊಳ್ಳುವ ಕೊಕ್ಕೆ. “ಸರೀರಿ ಆ ಕಡೆ. ಬ್ಯಾಟರಿ ಹಿಡೀರಿ,” ಎಂದಳು. ಹಿಡಿದೆ. ಕಣ್ಣಿಗಿಂತ ಬೆರಳನ್ನೇ ನಂಬಿ ಅವಳು ಒಳಗೆ ತಡವಿದಳು. ಮೊದಲು ಅಯಸ್ಕಾಂತ ಬಂತು. ಇನ್ನೊಂದು ಗಳಿಗೆಗೆ ಎಣ್ಣೆಯಲ್ಲಿ ಮಿಂದ ಕ್ಲಿಪ್ಪೂ ಬಂತು. ನನಗೆ ಅವಳ ಕೈ ಹಿಡಿದುಕೊಳ್ಳಬೇಕೆನಿಸಿತು; ಬ್ಯಾಟರಿ ಅಲುಗಿಸಬೇಡಿ ಎಂದಳು.

ಆಮೇಲೆ ಕೆಲಸವೆಲ್ಲ ಅವಳದೇ ಆಯಿತು. ನನ್ನನ್ನು ಕೇಳಿಕೊಂಡು, ಬಿಚ್ಚಿದ ಕ್ರಮದಲ್ಲೇ ನಟ್ಟುಗಳನ್ನು ಸಾಲಾಗಿ ಜೋಡಿಸಿದಳು. ನನಗೆ ಮಸಿ ಕೆರೆಯಲು ಕೊಟ್ಟಳು. ಹೊಸ ರಿಂಗಿನ ತೆರೆದ ಬಾಯಿ ಪಿಸ್ಟನ್ನಿನ ಗೀರಿನಲ್ಲಿರುವ ಸಣ್ಣ ಮೊಳೆಗೆ ಕೂಡಬೇಕು ಎಂಬುದನ್ನೂ ಅವಳೇ ಕಂಡುಹಿಡಿದಳು. ನಾನು ಹೇಗೆ ಬಂತೋ ಹಾಗೆ ಹಾಕಿದ್ದೆ. ಸಂಜೆಯ ಹೊತ್ತಿಗೆ ಎಲ್ಲ ಕೂಡಿತು, ಒಂದು ನಟ್ಟೂ ಉಳಿಯಲಿಲ್ಲ. ಎಂಟನೆಯ ಕಿಕ್ಕಿಗೆ ಗಾಡಿ ಶುರುವಾಯಿತು. ಇಬ್ಬರೂ ಮೂಗಿಗೆಲ್ಲ ಮಸಿ ಬಳಿದುಕೊಂಡು ಒಬ್ಬರನ್ನೊಬ್ಬರು ನೋಡಿ ನಕ್ಕೆವು.

ಮರುದಿನ ಮಾವ ಬಂದರು. ಕೈಕಾಲು ತೊಳೆಯುವ ಮೊದಲೇ ಗಾಡಿ ಶುರು ಮಾಡಿಸಿ, ಟ್ಯಾಂಕಿನ ಮೇಲೆ ಅಂಗೈಯಿಟ್ಟು ಕೇಳಿದರು. “ಸಪ್ಪಳ ಬದಲಾಗೇತಿ,” ಎಂದರು. ಎಂಜಿನ್ ಬಿಚ್ಚಿದ್ದನ್ನು ಒಪ್ಪಿಕೊಂಡೆ. ಅವರು ಬಗ್ಗಿ ಎಂಜಿನ್ನಿಗೆ ಇನ್ನೊಮ್ಮೆ ಕಿವಿಗೊಟ್ಟರು.

“ಹೊಸಾದಿದ್ದಾಗ ಹಿಂಗ ಇತ್ರಿ ಸಪ್ಪಳ. ಬಿಚ್ಚಾಕ ನನಗ ಒಮ್ಮಿನೂ ಧೈರ್ಯ ಆಗ್ಲಿಲ್ಲ. ಭಾಳ ಚಲೋ ಮಾಡೀರಿ ಮಾಸ್ತರ.”

“ನಾ ಅಲ್ರಿ ಮಾವಾರ, ಎಲ್ಲಾ ಸುನಂದಾನ ಮಾಡಿದ್ದು,” ಎಂದೆ.

ಮಾವ ಜೋರಾಗಿ ನಕ್ಕು ನನ್ನ ಬೆನ್ನು ಚಪ್ಪರಿಸಿದರು. ಇಷ್ಟು ಕಲಿತವರಾದರೂ ಎಷ್ಟು ವಿನಯ ನೋಡು ಎಂದು ಮಗಳಿಗೇ ಹೇಳಿದರು. ಸುನಂದಾ ಚಹಾದ ಕಪ್ಪು ಹಿಡಿದು, ನಾನು ಇನ್ನೊಮ್ಮೆ ಹೇಳುತ್ತೇನೇನೋ ಎಂದು ಕಾಯುತ್ತ ಬಾಗಿಲಲ್ಲಿ ನಿಂತಿದ್ದಳು.

ನಾನು ಕಪ್ಪು ತೆಗೆದುಕೊಂಡೆ.